ಕಾಲುದಾರಿಯಿಂದ ಚಾರಣಪಥದವರೆಗೆ: ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ದಾರಿಯ ವಿನ್ಯಾಸ, ನಿರ್ಮಾಣ ಮತ್ತು ನಿರ್ವಹಣೆ

ಪ್ರವೇಶ

‘ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ’ ಎಂಬುದು ಉತ್ತರ ಕನ್ನಡ ಜಿಲ್ಲೆಯಲ್ಲಿ ಬಹುಕಾಲದಿಂದ ಪ್ರಚಲಿತವಾಗಿರುವ ಗಾದೆ. ಈ ಎರಡೂ ಕ್ಷೇತ್ರಗಳು ಕುಮಟಾ ತಾಲ್ಲೂಕಿಗೆ ಸೇರಿವೆ. ಗೋಕರ್ಣಕ್ಕೆ ಹೋಗುವವನಿಗೆ ಪೂಜೆ, ಶ್ರಾದ್ಧ, ದಾನಗಳಿಗಾಗಿ ಹಣ ಬೇಕು. ಯಾಣಕ್ಕೆ ಹೋಗುವವನಿಗೆ ಮೈಯಲ್ಲಿ ಕಸುವು ಬೇಕು. ಮೇಲುನೋಟಕ್ಕೆ ಕ್ಷೇತ್ರಗಳನ್ನು ಕುರಿತದ್ದೆಂದು ತೋರುವ ಈ ಗಾದೆ ವಾಸ್ತವವಾಗಿ ದಾರಿಯನ್ನು ಕುರಿತದ್ದು. ದಾರಿಯ ಸ್ವರೂಪವೇ ಯಾತ್ರಿಕನ ಸ್ವರೂಪವನ್ನು ನಿರ್ಧರಿಸುತ್ತದೆ ಎಂಬ ತಿಳಿವಳಿಕೆ ಅದರಲ್ಲಿದೆ.

ವಿಹಾರಕ್ಕಾಗಿ ನಡೆಯುವವರಿಗೆಂದೇ ದಾರಿ ರೂಪಿಸುವ ಕಾರ್ಯ ಕರ್ನಾಟಕದ ಕರಾವಳಿಗೆ ಹೊಸದು. ಆದರೆ ನಡೆಯುವ ದಾರಿ ಹೊಸದಲ್ಲ. ಬಂದರಿನಿಂದ ಘಟ್ಟಕ್ಕೆ, ಮನೆಯಿಂದ ಸೊಪ್ಪಿನ ಬೆಟ್ಟಕ್ಕೆ, ಕೇರಿಯಿಂದ ತಾರಿಬಾಗಿಲಿಗೆ, ಊರಿನಿಂದ ದೇವರ ಕಾನಿಗೆ ಸಾಗಿದ ಅಸಂಖ್ಯ ಕಾಲುದಾರಿಗಳು ಇಲ್ಲಿದ್ದವು. ಅನೇಕ ಇಂದಿಗೂ ಉಳಿದಿವೆ. ಇಂದು ಚಾರಣಪಥಗಳೆಂದು ಕರೆಯಲಾಗುತ್ತಿರುವವುಗಳಲ್ಲಿ ಬಹುಪಾಲು ಈ ಹಳೆಯ ದಾರಿಗಳ ಮೇಲೆಯೇ ಸಾಗುತ್ತವೆ. ಹಾಗಾಗಿ ಹೊಸ ಪಥಗಳನ್ನು ಯೋಜಿಸುವಾಗ ಹಳೆಯ ದಾರಿಗಳ ರಚನೆಯನ್ನೂ ಅವುಗಳನ್ನು ಉಳಿಸಿಕೊಂಡು ಬಂದ ಕ್ರಮವನ್ನೂ ಅರಿಯುವುದು ಅಗತ್ಯವಾಗುತ್ತದೆ. ದಕ್ಷಿಣ ಉತ್ತರ ಕನ್ನಡದ ಮೂರು ತಾಲ್ಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳನ್ನು ಆಧಾರವಾಗಿರಿಸಿಕೊಂಡು ಈ ಎರಡನ್ನೂ ಇಲ್ಲಿ ಪರಿಶೀಲಿಸಲಾಗಿದೆ. ಮಳೆ ಹೆಚ್ಚಿರುವ ಈ ಪ್ರದೇಶದಲ್ಲಿ ದಾರಿಯು ಒಮ್ಮೆ ಕಟ್ಟಿ ಮುಗಿಸುವ ಕಟ್ಟಡವಲ್ಲ, ತೋಟದಂತೆ, ಗಜನಿಯ ಕಟ್ಟಿನಂತೆ ವರ್ಷವರ್ಷವೂ ಮಾಡಬೇಕಾದ ಕೆಲಸ ಎಂಬುದು ಈ ಪರಿಶೀಲನೆಯಿಂದ ಹೊರಡುವ ಮುಖ್ಯ ನಿಲುವು.

ನೆಲ ಮತ್ತು ನೀರು

ಈ ಮೂರು ತಾಲ್ಲೂಕುಗಳಲ್ಲಿ ಸಹ್ಯಾದ್ರಿಯು ಸಮುದ್ರಕ್ಕೆ ಸಮೀಪದಲ್ಲಿದೆ. ಕಡಲತೀರದ ಮರಳು, ಅದರ ಹಿಂದಿನ ಗದ್ದೆ ಮತ್ತು ತೆಂಗಿನ ತೋಟಗಳು, ನಡುವೆ ತಲೆಯೆತ್ತಿದ ಜಂಬಿಟ್ಟಿಗೆಯ ಗುಡ್ಡಗಳು, ಆಚೆಗೆ ಘಟ್ಟದ ದಟ್ಟ ಕಾಡು ಎಂಬ ಪಟ್ಟಿಗಳು ಒಂದರ ಪಕ್ಕ ಒಂದು ಇವೆ. ಅಘನಾಶಿನಿ ಮತ್ತು ಶರಾವತಿ ನದಿಗಳು ಹಾಗೂ ಅನೇಕ ಚಿಕ್ಕ ಹೊಳೆಗಳು ಈ ಪಟ್ಟಿಗಳನ್ನು ಅಡ್ಡಲಾಗಿ ಸೀಳಿ ಸಮುದ್ರ ಸೇರುತ್ತವೆ. ಪರಿಣಾಮವಾಗಿ ದಕ್ಷಿಣೋತ್ತರವಾಗಿ ನಡೆಯುವವನು ಹೊಳೆ ಮತ್ತು ಭೂಶಿರಗಳನ್ನು ದಾಟಬೇಕು. ಪೂರ್ವಪಶ್ಚಿಮವಾಗಿ ನಡೆಯುವವನು ಘಟ್ಟವನ್ನು ಏರಿಳಿಯಬೇಕು.

ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಉಳಿದ ಎಂಟು ತಿಂಗಳು ಪಾದದಡಿಯಲ್ಲಿ ಗಟ್ಟಿಯಾಗಿ ತೋರುವ ನೆಲ ಈ ನಾಲ್ಕು ತಿಂಗಳಲ್ಲಿ ಹರಿಯುವ ನೀರಿನ ಪಾತ್ರವಾಗಿ ಮಾರ್ಪಡುತ್ತದೆ. ಜಂಬಿಟ್ಟಿಗೆಯ ಗುಣವನ್ನೂ ಇದರೊಡನೆ ಪರಿಗಣಿಸಬೇಕು. ಈ ಶಿಲೆಗೆ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಬಳಕೆಗೆ ತಂದವನು ಫ್ರಾನ್ಸಿಸ್ ಬುಕಾನನ್. ಆತ 1801ರಲ್ಲಿ ಭಟ್ಕಳ, ಹೊನ್ನಾವರ, ಗೋಕರ್ಣಗಳ ಮೂಲಕ ಹಾದುಹೋಗಿದ್ದ. ನೆಲದಡಿಯಲ್ಲಿ ಮೃದುವಾಗಿದ್ದು, ಕಡಿದು ತೆಗೆದ ಮೇಲೆ ಗಾಳಿಗೆ ಗಟ್ಟಿಯಾಗುವುದು ಜಂಬಿಟ್ಟಿಗೆಯ ವಿಶೇಷ. ಗುಡ್ಡದ ಮೇಲ್ಭಾಗದಲ್ಲಿ ಗಟ್ಟಿ ಹೊದಿಕೆಯಾಗಿರುವ ಈ ಕಲ್ಲಿನ ಕೆಳಗೆ ಅನೇಕ ಕಡೆ ಶೇಡಿಮಣ್ಣಿನ ಪದರವಿರುತ್ತದೆ. ಮೇಲಿನ ರಂಧ್ರಮಯ ಶಿಲೆಯ ಮೂಲಕ ಇಳಿದ ನೀರು ಶೇಡಿಯಲ್ಲಿ ತಂಗಿ ಅದನ್ನು ಜಾರುವಂತೆ ಮಾಡುತ್ತದೆ. ಗುಡ್ಡದ ಬುಡವನ್ನು ಲಂಬವಾಗಿ ಕಡಿದರೆ ಈ ಪದರ ತೆರೆದುಕೊಂಡು ಮೇಲಿನ ಭಾರಕ್ಕೆ ಆಸರೆ ಇಲ್ಲದಂತಾಗುತ್ತದೆ.

ಇದರ ಪರಿಣಾಮ ಏನಿರಬಹುದೆಂಬುದಕ್ಕೆ ಇತ್ತೀಚಿನ ನಿದರ್ಶನಗಳಿವೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮೃತಪಟ್ಟರು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ಇವು ಚಾರಣಪಥದ ಘಟನೆಗಳಲ್ಲ. ಆದರೂ ಈ ಗುಡ್ಡಗಳ ಮೇಲೆ ಎಷ್ಟೇ ಕಿರಿದಾದ ದಾರಿ ತೆಗೆಯುವವರೂ ಇವುಗಳನ್ನು ನೆನಪಿನಲ್ಲಿಡಬೇಕು. ಎರಡಡಿ ಅಗಲದ ದಾರಿಯೂ ತಪ್ಪಾದ ಜಾಗದಲ್ಲಿ ನೀರನ್ನು ಕೂಡಿಸಿ ಕೆಳಗಿನ ಮನೆಯ ಹಿತ್ತಲಿಗೆ ಇಳಿಸಬಲ್ಲದು.

ಹಳೆಯ ದಾರಿಗಳು: ಮೂರು ಬಗೆ

ಈ ಪ್ರದೇಶದ ಹಳೆಯ ದಾರಿಗಳನ್ನು ಉದ್ದೇಶದ ದೃಷ್ಟಿಯಿಂದ ಮೂರಾಗಿ ವಿಂಗಡಿಸಬಹುದು.

ಮೊದಲನೆಯವು ವ್ಯಾಪಾರದ ದಾರಿಗಳು. ಭಟ್ಕಳವು ವಿಜಯನಗರದ ಕಾಲದಲ್ಲಿ ಪ್ರಮುಖ ಬಂದರಾಗಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಮೆಣಸು ಬಂದರಿಗೆ ಬರುತ್ತಿದ್ದುದು ಘಟ್ಟದ ದಾರಿಗಳಿಂದ ಮತ್ತು ನದಿಗಳಿಂದ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವೇರಿ ಇಕ್ಕೇರಿಗೆ ತಲುಪಿದ. ನೀರು ಸಾಗುವಷ್ಟು ದೂರ ನೀರಿನಲ್ಲಿ, ಅನಂತರ ಕಾಲ್ನಡಿಗೆಯಲ್ಲಿ ಅಥವಾ ಹೊರುವವರ ಮೇಲೆ ಎಂಬ ಕ್ರಮ ಆತನ ಪ್ರಯಾಣದಿಂದ ಸ್ಪಷ್ಟವಾಗುತ್ತದೆ. ಭಟ್ಕಳದಿಂದ ಹಾಡುವಳ್ಳಿ, ನಾಗವಳ್ಳಿಗಳ ಮೂಲಕ ಕೋಗಾರ ಘಟ್ಟವನ್ನೇರುವ ದಾರಿ ಸಾಗರದ ಕಡೆಗೆ ಹೋಗುತ್ತದೆ. ಕುಮಟಾದಿಂದ ದೇವಿಮನೆ ಘಟ್ಟದ ಮೂಲಕ ಸಿರ್ಸಿಗೆ ಹೋಗುವ ದಾರಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಬಂದರಿಗೆ ಇಳಿಸಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದುದರ ಹಿಂದೆಯೂ ಈ ಹತ್ತಿಯ ವ್ಯಾಪಾರದ ಹಿತಾಸಕ್ತಿ ಇತ್ತು.

ವಿನ್ಯಾಸದ ದೃಷ್ಟಿಯಿಂದ ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ಹೊರೆ ಹೊತ್ತ ಎತ್ತು ಕಡಿದಾದ ಪಾವಟಿಗೆಯನ್ನು ಇಳಿಯಲು ಒಲ್ಲದು, ಗಾಡಿ ಇಳಿಯಲಾರದು. ಹೀಗಾಗಿ ಹೇರಿನ ಎತ್ತಿನ ದಾರಿ ಮತ್ತು ಗಾಡಿ ರಸ್ತೆಗಳು ಗುಡ್ಡವನ್ನು ನೇರವಾಗಿ ಏರದೆ ಓರೆಯಾಗಿ ಬಳಸಿ ಏರಿದವು. ಖಾಲಿ ಕೈಯಲ್ಲಿ ಹೋಗುವವನು ಮಾತ್ರ ತಿರುವುಗಳ ನಡುವಿನ ಒಳದಾರಿ ಹಿಡಿದ. ಇಂದು ಘಟ್ಟದ ರಸ್ತೆಗಳ ಬದಿಯಲ್ಲಿ ಕೊರಕಲು ಬಿದ್ದಿರುವುದು ಹೆಚ್ಚಾಗಿ ಇಂಥ ಒಳದಾರಿಗಳಲ್ಲಿಯೇ.

ಎರಡನೆಯವು ದಿನನಿತ್ಯದ ದಾರಿಗಳು. ಅಡಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟದ ದಾರಿ, ದನ ಮೇಯುವ ಬೇಣದ ದಾರಿ, ಮೀನು ಹೊತ್ತು ಒಳನಾಡಿನ ಮನೆಗಳಿಗೆ ಹೋಗುವವರ ದಾರಿ, ಗಜನಿಯ ಕಟ್ಟಿನ ಮೇಲಿನ ದಾರಿ, ಶಾಲೆಯ ದಾರಿ ಇತ್ಯಾದಿ. ಇವುಗಳಿಗೆ ಸೇರಿದ ರಚನೆಗಳಿಗೆ ಸ್ಥಳೀಯ ಭಾಷೆಯಲ್ಲಿ ನಿಖರವಾದ ಹೆಸರುಗಳಿವೆ. ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿ ಅಥವಾ ಅಡಕೆ ಮರಗಳನ್ನು ಹಾಸಿದ ಸೇತುವೆ ‘ಸಂಕ’. ಬೇಲಿಯಲ್ಲಿ ದನ ದಾಟದಂತೆ, ಮನುಷ್ಯ ದಾಟುವಂತೆ ಮಾಡಿದ ದ್ವಾರ ‘ದಣಪೆ’. ಹೊಳೆ ದಾಟುವ ದೋಣಿ ‘ತಾರಿ’. ಏರಿನಲ್ಲಿ ಕಲ್ಲು ಹಾಸಿದ ಮೆಟ್ಟಿಲು ‘ಪಾವಟಿಗೆ’. ಸಂಕವನ್ನು ಮಳೆಗಾಲಕ್ಕೆ ಮುಂಚೆ ಹೊಸದಾಗಿ ಕಟ್ಟುತ್ತಿದ್ದರು. ಅದು ಕೆಟ್ಟರೆ ದಾಟಲು ತೊಂದರೆಯಾಗುತ್ತಿದ್ದುದು ಕಟ್ಟುವವರಿಗೇ. ನಡೆಯುವವನೇ ಸರಿಪಡಿಸುವವನು ಎಂಬುದು ಈ ದಾರಿಗಳ ಅಲಿಖಿತ ನಿಯಮವಾಗಿತ್ತು.

ಮೂರನೆಯವು ಯಾತ್ರೆಯ ದಾರಿಗಳು. ಯಾಣ, ಹೊನ್ನಾವರ ತಾಲ್ಲೂಕಿನ ಕರಿಕಾನಮ್ಮ ಪರಮೇಶ್ವರಿ, ಮುರ್ಡೇಶ್ವರದ ಕಂದುಕಗಿರಿ, ಗೋಕರ್ಣದ ಸುತ್ತಲಿನ ತೀರ್ಥಗಳು ಇವುಗಳ ಗುರಿಗಳು. ಕರಿಕಾನವು ತನ್ನ ಹೆಸರಿನಲ್ಲಿಯೇ ಕಾಡನ್ನು ಉಳಿಸಿಕೊಂಡಿರುವ ಸ್ಥಳ. ದೇವರ ಕಾನುಗಳನ್ನು ಕುರಿತು ಮಾಧವ ಗಾಡ್ಗೀಳ್, ಎಂ. ಡಿ. ಸುಭಾಸ್ ಚಂದ್ರನ್ ಮೊದಲಾದವರು ನಡೆಸಿದ ಅಧ್ಯಯನಗಳು ಇಂಥ ತಾಣಗಳ ಪರಿಸರ ಮಹತ್ವವನ್ನು ವಿದ್ವತ್ ಲೋಕದ ಗಮನಕ್ಕೆ ತಂದಿವೆ. ಕಾನಿನೊಳಗೆ ಕೊಡಲಿ ಒಯ್ಯದಿರುವುದು, ಸದ್ದು ಮಾಡದಿರುವುದು ಮೊದಲಾದ ಕಟ್ಟುಪಾಡುಗಳು ದಾರಿಯ ನಿರ್ವಹಣೆಯ ಭಾಗವೇ ಆಗಿದ್ದವು. ನಡೆಯುವವನ ವರ್ತನೆಯನ್ನು ನಿಯಂತ್ರಿಸದೆ ದಾರಿಯನ್ನು ಉಳಿಸಲಾಗದು ಎಂಬುದನ್ನು ಅವು ಒಪ್ಪಿಕೊಂಡಿದ್ದವು.

ಚಾರಣಪಥದ ಉದಯ

ಈ ಹಳೆಯ ವ್ಯವಸ್ಥೆ ಸಡಿಲವಾಗಲು ಮೋಟಾರು ರಸ್ತೆಗಳು, ಸೇತುವೆಗಳು ಮತ್ತು ಅಡುಗೆ ಅನಿಲ ಇವೆಲ್ಲವೂ ಕಾರಣವಾದವು. ಅದೇ ವೇಳೆಗೆ ಹೊಸ ಬಗೆಯ ನಡೆಯುವವರು ಬರಲಾರಂಭಿಸಿದರು. 1998ರ ಜನವರಿ 26ರಂದು ಪೂರ್ಣವಾಗಿ ಬಳಕೆಗೆ ತೆರೆದ ಕೊಂಕಣ ರೈಲ್ವೆಯು ಗೋಕರ್ಣ ರೋಡ್, ಮಿರ್ಜಾನ, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ ನಿಲ್ದಾಣಗಳ ಮೂಲಕ ಈ ಕರಾವಳಿಯನ್ನು ದೂರದ ನಗರಗಳಿಗೆ ಜೋಡಿಸಿತು.

ಯಾಣದ ನಿದರ್ಶನವನ್ನು ಮೊದಲು ಪರಿಶೀಲಿಸಬಹುದು. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಮತ್ತು ಸುಮಾರು 90 ಮೀಟರ್ ಎತ್ತರದ ಮೋಹಿನಿ ಶಿಖರ ಎಂಬ ಎರಡು ಕಪ್ಪು ಶಿಲಾರಚನೆಗಳು ಇಲ್ಲಿವೆ. 1990ರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೆ’ ಚಲನಚಿತ್ರದ ಮೂಲಕ ಈ ದೃಶ್ಯ ನಾಡಿನಾದ್ಯಂತ ಪರಿಚಿತವಾಯಿತು. ಮೊದಲು ಹೆದ್ದಾರಿಯಿಂದ ಕಾಡಿನೊಳಗೆ ಹಲವು ಕಿಲೋಮೀಟರ್ ನಡೆದೇ ಹೋಗಬೇಕಾಗಿತ್ತು. ರಸ್ತೆಯಾದ ಮೇಲೆ ಕಾಲ್ನಡಿಗೆ ಕೊನೆಯ ಅರ್ಧ ಕಿಲೋಮೀಟರಿನಷ್ಟಕ್ಕೆ ಸೀಮಿತಗೊಂಡಿತು. ಗಾದೆಯ ‘ಸೊಕ್ಕು’ ಅನಗತ್ಯವಾಯಿತು. ಹಿಂದೆ ಮಹಾಶಿವರಾತ್ರಿಯ ಜಾತ್ರೆಯ ದಿನಗಳಲ್ಲಿ ದಟ್ಟವಾಗಿದ್ದು ಉಳಿದ ಕಾಲ ವಿರಳವಾಗಿರುತ್ತಿದ್ದ ಜನಸಂಚಾರ ಈಗ ವರ್ಷವಿಡೀ ಹರಡಿಕೊಂಡಿದೆ. ಜಾತ್ರೆ ಮುಗಿದ ಮೇಲೆ ನೆಲಕ್ಕೆ ದೊರೆಯುತ್ತಿದ್ದ ಬಿಡುವು ಈಗ ಇಲ್ಲ. ದಾರಿಯ ಉದ್ದವನ್ನು ಕಡಿಮೆ ಮಾಡಿದರೆ ದಾರಿಯ ಮೇಲಿನ ಒತ್ತಡ ಹೆಚ್ಚುತ್ತದೆ ಎಂಬುದು ಇಲ್ಲಿ ಕಂಡುಬರುವ ತತ್ತ್ವ.

ಎರಡನೆಯದು ಗೋಕರ್ಣದಿಂದ ಕುಮಟಾದವರೆಗಿನ ಕಡಲಂಚಿನ ದಾರಿ. ಗೋಕರ್ಣದ ಮುಖ್ಯ ತೀರದಿಂದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಭೂಶಿರಗಳ ಮೇಲಿನ ಕಾಲುದಾರಿಗಳು ಪೋಣಿಸುತ್ತವೆ. ಮುಂದೆ ಬೆಲೆಕಾನ, ತದಡಿಗಳನ್ನು ತಲುಪಿ, ತಾರಿಯಲ್ಲಿ ಅಘನಾಶಿನಿಯನ್ನು ದಾಟಿ, ಬಾಡ, ಹೊಲನಗದ್ದೆಯ ಕಡ್ಲೆ, ವನ್ನಳ್ಳಿಗಳ ಮೂಲಕ ಕುಮಟಾ ಸೇರಬಹುದು. ಈ ಪಥವನ್ನು ಯಾರೂ ಒಟ್ಟಾಗಿ ವಿನ್ಯಾಸಗೊಳಿಸಿದವರಿಲ್ಲ. ಮೀನುಗಾರರ, ದನಗಾಹಿಗಳ, ಯಾತ್ರಿಕರ ತುಂಡುದಾರಿಗಳು ಸೇರಿ ಅದು ಆಗಿದೆ. ತಾರಿಯು ಇದರ ಅವಿಭಾಜ್ಯ ಅಂಗ. ಅದಿಲ್ಲವಾದರೆ ಪಥವೇ ಎರಡಾಗುತ್ತದೆ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವಾಗಿ ಘೋಷಿತವಾದುದರಿಂದ ಈ ದಾಟು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯ ನಡುವೆಯೇ ಸಾಗುತ್ತದೆ.

ಮೂರನೆಯದು ಉದ್ದೇಶಪೂರ್ವಕವಾಗಿ ನಿರ್ಮಿಸಿದ ಪಥ. ಹೊನ್ನಾವರದ ಬಳಿ ಶರಾವತಿಯ ಅಳಿವೆಯಲ್ಲಿ ಅರಣ್ಯ ಇಲಾಖೆಯು ಕಾಂಡ್ಲಾ ವನದ ನಡುವೆ ಮರದ ಹಲಗೆಯ ನಡಿಗೆ ಪಥವನ್ನು ರೂಪಿಸಿದೆ. ಇದೇ ತಾಲ್ಲೂಕಿನ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಇವು ಚಿಕ್ಕ ಅಂತರದ, ನಿಗದಿತ ಪ್ರವೇಶದ, ನಿರಂತರ ಮೇಲ್ವಿಚಾರಣೆಯ ಮಾದರಿಗಳು.

ವಿನ್ಯಾಸ: ನೀರಿಗೆ ದಾರಿ ಬಿಡುವ ದಾರಿ

ಚಾರಣಪಥ ನಿರ್ಮಾಣದ ಆಧುನಿಕ ಶಾಸ್ತ್ರವು ಬಹುತೇಕ ಅಮೆರಿಕ ಮತ್ತು ಯೂರೋಪಿನ ಅನುಭವದಿಂದ ಬೆಳೆದದ್ದು. ಅದರ ಕೇಂದ್ರ ಸೂತ್ರಗಳು ಮೂರು: ದಾರಿಯ ಏರು ಗುಡ್ಡದ ಅಡ್ಡ ಇಳಿಜಾರಿನ ಅರ್ಧವನ್ನು ಮೀರಬಾರದು, ಒಟ್ಟು ಏರಿನ ಸರಾಸರಿ ಶೇಕಡಾ 10ರ ಆಸುಪಾಸಿನಲ್ಲಿರಬೇಕು, ದಾರಿಯ ಮೇಲ್ಮೈ ಕಣಿವೆಯ ಕಡೆಗೆ ಸುಮಾರು ಶೇಕಡಾ 5ರಷ್ಟು ಬಾಗಿರಬೇಕು. ಇವೆಲ್ಲದರ ಉದ್ದೇಶ ಒಂದೇ. ಗುಡ್ಡದಿಂದ ಇಳಿಯುವ ನೀರು ದಾರಿಯನ್ನು ಅಡ್ಡಲಾಗಿ ದಾಟಿ ಹೋಗಬೇಕು, ದಾರಿಯ ಉದ್ದಕ್ಕೂ ಹರಿಯಕೂಡದು.

ಉದಾಹರಣೆಗೆ ಶೇಕಡಾ 40ರ ಇಳಿಜಾರಿನ ಗುಡ್ಡವೊಂದನ್ನು 100 ಮೀಟರ್ ಎತ್ತರ ಏರಬೇಕೆಂದು ಭಾವಿಸಬಹುದು. ನೇರವಾಗಿ ಏರಿದರೆ ಅಡ್ಡಳತೆಯಲ್ಲಿ 250 ಮೀಟರ್ ಸಾಕು. ಶೇಕಡಾ 10ರ ಏರಿನಲ್ಲಿ ಬಳಸಿಕೊಂಡು ಹೋದರೆ 1,000 ಮೀಟರ್ ಬೇಕು. ನೇರದಾರಿ ನಾಲ್ಕನೆಯ ಒಂದು ಭಾಗದಷ್ಟು ಉದ್ದದ್ದಾದರೂ ನೀರು ಇಳಿಯುವ ದಿಕ್ಕೂ ಅದೇ. ಆದ್ದರಿಂದ ಮೊದಲ ಮಳೆಗಾಲದಲ್ಲಿ ಗೆರೆ, ಎರಡನೆಯದರಲ್ಲಿ ಕಾಲುವೆ, ಮುಂದೆ ಕೊರಕಲು ಎಂಬ ಕ್ರಮದಲ್ಲಿ ಅದು ಕೆಡುತ್ತದೆ. ಕೊರಕಲಿನಲ್ಲಿ ನಡೆಯಲಾಗದವರು ಅದರ ಪಕ್ಕದಲ್ಲಿ ಹೊಸ ದಾರಿ ತುಳಿಯುತ್ತಾರೆ, ಅದೂ ಕೊರಕಲಾಗುತ್ತದೆ. ಗುಡ್ಡದ ಮೇಲೆ ಒಂದರ ಪಕ್ಕ ಒಂದಾಗಿ ಕಾಣುವ ಕೆಂಪು ಪಟ್ಟೆಗಳ ಉಗಮ ಹೀಗೆ. ಹೇರಿನ ಎತ್ತಿನ ದಾರಿಯು ಓರೆಯಾಗಿ ಸಾಗಿದುದು ಪ್ರಾಣಿಯ ಅನುಕೂಲಕ್ಕಾದರೂ ಅದರಿಂದ ನೆಲಕ್ಕೂ ರಕ್ಷಣೆ ದೊರೆಯಿತು.

ಆದರೆ ಈ ಸೂತ್ರಗಳನ್ನು ಇಲ್ಲಿನ ಮಳೆಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಕೇವಲ ಹೊರಬಾಗನ್ನು ನಂಬಿದರೆ ಆರ್ದ್ರಾ, ಪುನರ್ವಸು ಮಳೆಗಳ ರಭಸಕ್ಕೆ ಸಾಲದು. ಜನ ತುಳಿದಂತೆ ದಾರಿಯ ನಡುಭಾಗ ತಗ್ಗಾಗಿ ಹೊರಬಾಗು ಅಳಿಯುತ್ತದೆ. ಆದ್ದರಿಂದ ಏರಿನ ನಡುನಡುವೆ ದಾರಿಯನ್ನು ತುಸು ಇಳಿಸಿ ಮತ್ತೆ ಏರಿಸುವ ತಗ್ಗುಗಳು ಬೇಕು. ಕೂಡಿದ ನೀರು ಅಲ್ಲಿಗೆ ಬಂದು ಹೊರಬೀಳುತ್ತದೆ. ಇವುಗಳ ಅಂತರ ಒಣನಾಡಿಗಿಂತ ಇಲ್ಲಿ ಕಿರಿದಾಗಿರಬೇಕು. ಹೊರಬಿದ್ದ ನೀರು ಕಾಡಿನ ತರಗೆಲೆಯ ಹಾಸಿಗೆಯ ಮೇಲೆ ಚದುರಬೇಕೇ ಹೊರತು ಶೇಡಿಮಣ್ಣಿನ ಬಿರುಕಿಗೆ ಅಥವಾ ಮನೆಯ ಹಿಂದಿನ ಧರೆಗೆ ಹೋಗಬಾರದು. ವಿನ್ಯಾಸಕಾರನು ಬೇಸಗೆಯಲ್ಲಿ ನಕ್ಷೆ ಮಾಡಿದರೂ ಮಳೆಗಾಲದಲ್ಲಿ ಒಮ್ಮೆ ಆ ನೆಲವನ್ನು ನೋಡಿಯೇ ದಾರಿ ಗುರುತಿಸಬೇಕು ಎಂಬುದು ಇದರಿಂದ ಹೊರಡುವ ಕಾರ್ಯನಿಯಮ.

ಕಡಲ ಭೂಶಿರಗಳಲ್ಲಿ ಸಮಸ್ಯೆ ಬೇರೆ. ಅಲೆಗಳು ಬುಡವನ್ನು ಕೊರೆಯುವುದರಿಂದ ಜಂಬಿಟ್ಟಿಗೆಯ ಮೇಲ್ಹೊದಿಕೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ. ಪಥವನ್ನು ಅಂಚಿನಿಂದ ಸಾಕಷ್ಟು ಒಳಗೆ ಸಾಗಿಸಿ, ನೋಟಕ್ಕಾಗಿ ಗಟ್ಟಿನೆಲದ ಕೆಲವೇ ಜಾಗಗಳಿಗೆ ಕವಲು ನೀಡುವುದು ಸುರಕ್ಷಿತ. ಪಥ ಕೊನೆಗೊಳ್ಳುವ ತೀರದ ಅಪಾಯವೂ ವಿನ್ಯಾಸದ ವ್ಯಾಪ್ತಿಗೆ ಸೇರಿದ್ದೇ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಸಮುದ್ರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಮೃತಪಟ್ಟ ಘಟನೆಯು, ನೀರಿಗಿಳಿಯುವ ಮತ್ತು ಇಳಿಯಬಾರದ ಜಾಗಗಳನ್ನು ಸ್ಥಳದಲ್ಲಿಯೇ ಗುರುತಿಸಿ ಕಾವಲಿಡುವ ಅಗತ್ಯವನ್ನು ತೋರಿಸಿತು.

ನಿರ್ಮಾಣ: ಸಾಮಗ್ರಿ ಮತ್ತು ಕೈಗೆಲಸ

ಏರು ಅನಿವಾರ್ಯವಾಗಿ ಕಡಿದಾಗಿರುವಲ್ಲಿ ಪಾವಟಿಗೆ ಬೇಕಾಗುತ್ತದೆ. ಇದಕ್ಕೆ ಸ್ಥಳೀಯ ಚಿರೇಕಲ್ಲು ಸುಲಭವಾಗಿ ದೊರೆಯುತ್ತದಾದರೂ ತುಳಿತಕ್ಕೆ ಅದು ಸವೆಯುತ್ತದೆ, ಪಾಚಿ ಕಟ್ಟಿ ಜಾರುತ್ತದೆ. ಹಳೆಯ ಪಾವಟಿಗೆಗಳಲ್ಲಿ ಹೆಚ್ಚು ಕಾಲ ಉಳಿದವು ಗಟ್ಟಿ ಕಾಡುಕಲ್ಲಿನವು. ಕಲ್ಲಿನ ಮೂರನೆಯ ಎರಡು ಭಾಗದಷ್ಟನ್ನು ನೆಲದೊಳಗೆ ಹೂತು, ಮೇಲಿನ ಮೆಟ್ಟಿಲು ಕೆಳಗಿನದರ ಹಿಂಬದಿಯನ್ನು ಒತ್ತುವಂತೆ ಕೂಡಿಸಿದರೆ ಗಾರೆಯ ಅಗತ್ಯವಿಲ್ಲ. ನೀರು ಸಂದುಗಳಲ್ಲಿ ಇಳಿದುಹೋಗುತ್ತದೆ. ಕಾಂಕ್ರೀಟಿನ ಅಖಂಡ ಮೆಟ್ಟಿಲಿನ ಎರಡೂ ಬದಿಯಲ್ಲಿ ನೀರು ಕೊರೆದು, ಕೆಲವು ವರ್ಷಗಳಲ್ಲಿ ಅದು ತಳವಿಲ್ಲದ ಹಲಗೆಯಂತಾಗುವ ಸಂಭವವಿದೆ. ಆಗ ಸಂಪೂರ್ಣ ಒಡೆದು ಕಟ್ಟದೆ ದುರಸ್ತಿ ಸಾಧ್ಯವಿಲ್ಲ. ಕಲ್ಲಿನ ಪಾವಟಿಗೆಯಲ್ಲಾದರೆ ಸಡಿಲವಾದ ಒಂದು ಕಲ್ಲನ್ನು ಎರಡಾಳು ಸೇರಿ ಮತ್ತೆ ಕೂಡಿಸಬಹುದು.

ಹಳ್ಳಗಳನ್ನು ದಾಟಲು ಸಂಕವೇ ಇಂದಿಗೂ ಉತ್ತಮ ಮಾದರಿ. ಶಾಶ್ವತ ಕಾಲುಸಂಕಗಳನ್ನು ಕಟ್ಟುವಾಗ ಹಳೆಯ ಸಂಕದ ಜಾಗವನ್ನೇ ಆರಿಸಿಕೊಳ್ಳುವುದು ಲೇಸು. ಹಳ್ಳವು ಎಲ್ಲಿ ಕಿರಿದಾಗಿ, ದಂಡೆ ಎಲ್ಲಿ ಗಟ್ಟಿಯಾಗಿ ಇದೆಯೆಂಬುದನ್ನು ತಲೆಮಾರುಗಳ ಅನುಭವ ಆಗಲೇ ನಿರ್ಧರಿಸಿರುತ್ತದೆ. ಘಟ್ಟದ ಕಣಿವೆಗಳಲ್ಲಿರುವ ರಾಮಪತ್ರೆ ಜಾತಿಯ ಮರಗಳ ಜೌಗುಗಳಂಥ ಜಾಗಗಳಲ್ಲಿ ದಾರಿಯನ್ನೇ ತೆಗೆಯದಿರುವುದು ಯೋಗ್ಯ. ಅಲ್ಲಿನ ಮರಗಳ ಮಂಡಿಯಾಕಾರದ ಬೇರುಗಳು ಕೆಸರಿನ ಮೇಲೆ ಉಸಿರಾಡುತ್ತವೆ. ತುಳಿತವನ್ನು ಅವು ತಾಳಲಾರವು.

ಇದೇ ಕಾರಣದಿಂದ ಕಾಂಡ್ಲಾ ವನದಲ್ಲಿ ಹಲಗೆಯ ಪಥ ಸಮಂಜಸವಾಗಿದೆ. ಕಾಂಡ್ಲಾದ ಊರುಬೇರು, ಉಪ್ಪಟಿಯ ಉಸಿರುಬೇರುಗಳ ನಡುವೆ ನೆಲದ ಮೇಲೆ ದಾರಿ ಮಾಡಿದರೆ ಕೆಸರು ಒತ್ತಿಕೊಂಡು ಬೇರುಗಳಿಗೆ ಗಾಳಿ ಸಿಗದು. ಕಂಬಗಳ ಮೇಲಿನ ಹಲಗೆಯಾದರೆ ಉಬ್ಬರವಿಳಿತದ ನೀರು ಅಡಿಯಲ್ಲಿ ತಡೆಯಿಲ್ಲದೆ ಹರಿದಾಡುತ್ತದೆ. ಆದರೆ ಉಪ್ಪುನೀರು, ಬಿಸಿಲು, ಮಳೆಗಳು ಸೇರಿ ಮರವನ್ನೂ ಮೊಳೆಯನ್ನೂ ಬೇಗ ಕೆಡಿಸುತ್ತವೆ. ನೆಲದ ದಾರಿ ಕೆಟ್ಟರೆ ನಡಿಗೆ ಕಷ್ಟವಾಗುತ್ತದೆ. ಹಲಗೆಯ ದಾರಿ ಕೆಟ್ಟರೆ ಅಪಾಯವಾಗುತ್ತದೆ. ಆದುದರಿಂದ ಇಂಥ ಪಥಗಳನ್ನು ನಿರ್ಮಿಸುವ ದಿನವೇ ಹಲಗೆ ಬದಲಿಸುವ ವೆಚ್ಚವನ್ನು ಲೆಕ್ಕದಲ್ಲಿ ಇರಿಸಬೇಕು.

ನಿರ್ವಹಣೆ: ವರ್ಷದ ಚಕ್ರ

ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಮೊದಲಾದ ಅಘನಾಶಿನಿ ತೀರದ ಊರುಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವ ಗಜನಿಗಳಿವೆ. ಅವುಗಳನ್ನು ಕಾಯುವ ಕಟ್ಟು ವರ್ಷವರ್ಷವೂ ಆರೈಕೆ ಬೇಡುತ್ತದೆ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುವುದರಿಂದ ಕಟ್ಟಿನ ಕೆಲಸ ಎಲ್ಲರದ್ದಾಗುತ್ತದೆ. ಚಾರಣಪಥದ ನಿರ್ವಹಣೆಗೆ ಇದಕ್ಕಿಂತ ಹತ್ತಿರದ ಹೋಲಿಕೆ ಈ ಪ್ರದೇಶದಲ್ಲಿ ದೊರೆಯದು.

ಪಥದ ವಾರ್ಷಿಕ ಕೆಲಸವನ್ನು ನಾಲ್ಕು ಹಂತಗಳಲ್ಲಿ ಕಲ್ಪಿಸಿಕೊಳ್ಳಬಹುದು. ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ ತಿಂಗಳಲ್ಲಿ, ತಗ್ಗು ಮತ್ತು ಕಾಲುವೆಗಳಲ್ಲಿ ತುಂಬಿದ ಮಣ್ಣು, ತರಗೆಲೆಗಳನ್ನು ತೆಗೆಯಬೇಕು. ಮಳೆಗಾಲದಲ್ಲಿ ಪಥವನ್ನು ಮುಚ್ಚಿ, ನೀರು ಎಲ್ಲಿ ದಾರಿ ಬಿಟ್ಟು ಎಲ್ಲಿ ದಾರಿ ಹಿಡಿಯುತ್ತದೆಂಬುದನ್ನು ಗುರುತಿಸಬೇಕು. ನವರಾತ್ರಿಯಿಂದ ದೀಪಾವಳಿಯ ನಡುವೆ ಬೆಳೆದ ಹುಲ್ಲು, ಬಳ್ಳಿ ಸವರಿ, ಬಿದ್ದ ಮರ ಸರಿಸಿ, ಕಳಚಿದ ಕಲ್ಲು ಕೂಡಿಸಬೇಕು. ಚಳಿಗಾಲ ಕಳೆದ ಮೇಲೆ ಬೆಂಕಿಯ ಎಚ್ಚರ ವಹಿಸಬೇಕು. ಕಡಲತೀರದಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಚಳಿಗಾಲದಲ್ಲಿ ಹೊನ್ನಾವರದ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವುದರಿಂದ ಆ ದಿನಗಳ ರಾತ್ರಿ ನಡಿಗೆ ಮತ್ತು ಬೆಳಕುಗಳನ್ನು ತಡೆಯಬೇಕಾಗುತ್ತದೆ.

ಈ ಕೆಲಸವನ್ನು ಯಾರು ಮಾಡಬೇಕೆಂಬುದು ಮುಖ್ಯ ಪ್ರಶ್ನೆ. ಹಳೆಯ ದಾರಿಯಲ್ಲಿ ನಡೆಯುವವನೂ ಸರಿಪಡಿಸುವವನೂ ಒಬ್ಬನೇ ಆಗಿದ್ದ. ಚಾರಣಪಥದಲ್ಲಿ ಅವರು ಬೇರೆಬೇರೆ. ನಡೆಯುವವನು ಒಮ್ಮೆ ಬಂದು ಹೋಗುತ್ತಾನೆ. ಕೊರಕಲು, ಪ್ಲಾಸ್ಟಿಕ್, ದಾರಿ ತಪ್ಪಿದವರ ಶೋಧ ಊರಿನವರಿಗೆ ಉಳಿಯುತ್ತವೆ. ಸಂಖ್ಯೆಯ ನಿಯಂತ್ರಣ ಒಂದು ಪರಿಹಾರ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಮ್ಮೆಲೇ ಜನ ನೆರೆದ ಮೇಲೆ ರಾಜ್ಯದ ಅರಣ್ಯ ಇಲಾಖೆಯು ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲ ನೋಂದಣಿಯನ್ನು ಆರಂಭಿಸಿತು. ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿಯನ್ನು ವಿಧಿಸಲಾಯಿತು. ಸಂಖ್ಯೆಯ ಮಿತಿ ಅಗತ್ಯವಾದುದೇ. ಆದರೆ ದಾರಿಯ ಮೇಲೆ ಹರಿಯುವ ನೀರನ್ನು ಅದು ತಡೆಯಲಾರದು. ಸಂಗ್ರಹವಾದ ಶುಲ್ಕದ ನಿಶ್ಚಿತ ಭಾಗವು ಅದೇ ಪಥದ ದುರಸ್ತಿಗೆ, ಅದೇ ಊರಿನ ಕೈಗಳಿಗೆ ಮರಳಿದಾಗ ಮಾತ್ರ ಹಳೆಯ ನಿಯಮ ಹೊಸ ರೂಪದಲ್ಲಿ ಮತ್ತೆ ಜಾರಿಗೆ ಬಂದಂತಾಗುತ್ತದೆ.

ಇದಕ್ಕೆ ಬೇಕಾದ ಚೌಕಟ್ಟು ಈಗಾಗಲೇ ಇದೆ. 1993ರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶದ ಅನ್ವಯ ರಚಿತವಾದ ಗ್ರಾಮ ಅರಣ್ಯ ಸಮಿತಿಗಳು ಜಿಲ್ಲೆಯಲ್ಲಿವೆ. 2006ರ ಅರಣ್ಯ ಹಕ್ಕು ಕಾಯಿದೆಯು ಸಮುದಾಯ ಅರಣ್ಯ ಸಂಪನ್ಮೂಲವನ್ನು ರಕ್ಷಿಸಿ ನಿರ್ವಹಿಸುವ ಹಕ್ಕನ್ನು ಮಾನ್ಯ ಮಾಡುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ 2023ರಲ್ಲಿ ತಂದ ತಿದ್ದುಪಡಿಯು ಕಾರ್ಯಯೋಜನೆಯಲ್ಲಿ ಸೇರಿಸಲಾದ ಪರಿಸರ ಪ್ರವಾಸೋದ್ಯಮ ಸೌಲಭ್ಯಗಳನ್ನು ಅರಣ್ಯೇತರ ಬಳಕೆಯೆಂದು ಪರಿಗಣಿಸುವುದಿಲ್ಲ. ಕಡಲಂಚಿನ ಪಥಗಳಿಗೆ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅನ್ವಯಿಸುತ್ತದೆ. ಕಾನೂನಿನ ಅನುಕೂಲವನ್ನು ದೊಡ್ಡ ಕಟ್ಟಡಗಳಿಗೆ ಬಳಸದೆ, ಕಿರಿದಾದ ದಾರಿಗೂ ಅದರ ಆರೈಕೆಗೂ ಬಳಸಿಕೊಳ್ಳುವ ವಿವೇಕ ಇಲ್ಲಿ ಬೇಕಾಗಿದೆ. 2019ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಂಥ ಪ್ರದೇಶಗಳಲ್ಲಿ ಪಥವಿಲ್ಲದಿರುವುದೂ ಒಂದು ವಿನ್ಯಾಸವೇ. ಮರದಿಂದ ಮರಕ್ಕೆ ಸಾಗುವ ಸಿಂಗಳೀಕಕ್ಕೆ ಕೊಂಬೆಗಳು ಕೂಡಿರುವ ಮೇಲ್ಚಾವಣಿ ಬೇಕು; ಅಗಲವಾದ ದಾರಿ ಅದನ್ನು ಕಡಿದುಹಾಕುತ್ತದೆ.

ಊರಿನವರ ಹಕ್ಕಿನ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಚಾರಣಪಥವೆಂದು ಘೋಷಿಸಿ ದ್ವಾರ, ಶುಲ್ಕ, ಸಮಯಗಳನ್ನು ನಿಗದಿಪಡಿಸಿದಾಗ ಅದೇ ದಾರಿಯಲ್ಲಿ ಸೊಪ್ಪಿಗೆ, ಮೀನಿಗೆ, ದೇವರಿಗೆ ಹೋಗುತ್ತಿದ್ದವರ ಸಂಚಾರಕ್ಕೆ ಅಡ್ಡಿಯಾಗಬಾರದು. ದಣಪೆಯ ತತ್ತ್ವವೇ ಇಲ್ಲಿ ಮಾರ್ಗದರ್ಶಕ: ಯಾವುದನ್ನು ತಡೆಯಬೇಕೋ ಅದನ್ನು ಮಾತ್ರ ತಡೆದು, ನಡೆಯಬೇಕಾದವರಿಗೆ ಎಡೆಗೊಡುವುದು.

ಉಪಸಂಹಾರ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕಾಲುದಾರಿಗಳ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಇಲ್ಲಿನ ದಾರಿಯ ಮೊದಲ ಬಳಕೆದಾರ ನೀರು. ಮನುಷ್ಯನದು ಎರಡನೆಯ ಸ್ಥಾನ. ಎರಡು, ದುರಸ್ತಿ ಮಾಡಬಲ್ಲ ರಚನೆಯು ದುರಸ್ತಿಯೇ ಬೇಡವೆಂದು ಭಾವಿಸಿ ಕಟ್ಟಿದ ರಚನೆಗಿಂತ ಹೆಚ್ಚು ಕಾಲ ಬಾಳುತ್ತದೆ. ಮೂರು, ದಾರಿಯನ್ನು ಉಳಿಸುವ ಹೊಣೆ ಅದನ್ನು ಬಳಸುವ ಮತ್ತು ಅದರಿಂದ ಬಾಧಿತರಾಗುವ ಜನರಿಗೆ ಒಟ್ಟಾಗಿ ಸೇರಿದಾಗಲೇ ನಿರ್ವಹಣೆ ಸಾಧ್ಯವಾಗುತ್ತದೆ.

ಈ ದಾರಿಗಳ ವ್ಯವಸ್ಥಿತ ದಾಖಲೀಕರಣ ಮುಂದಿನ ಕಾರ್ಯವಾಗಬೇಕು. ಯಾವ ಸಂಕ ಯಾವ ಹಳ್ಳದ ಮೇಲಿತ್ತು, ಯಾವ ಪಾವಟಿಗೆ ಎಲ್ಲಿಗೆ ಏರುತ್ತಿತ್ತು, ಯಾವ ತಾರಿ ಎಂದು ನಿಂತಿತು ಎಂಬುದು ಹೆಚ್ಚಾಗಿ ಹಿರಿಯರ ನೆನಪಿನಲ್ಲಿದೆ. ಹೆದ್ದಾರಿಯ ಅಗಲೀಕರಣ, ಬೇಲಿ, ಹೊಸ ಬಡಾವಣೆಗಳ ನಡುವೆ ಒಮ್ಮೆ ಕಡಿದುಹೋದ ಕಾಲುದಾರಿಯನ್ನು ಮತ್ತೆ ಕೂಡಿಸುವುದು ಕಷ್ಟ. ಗ್ರಾಮವಾರು ನಕ್ಷೆಗಳಲ್ಲಿ ಅವುಗಳನ್ನು ಗುರುತಿಸಿಟ್ಟರೆ ನಾಳಿನ ಚಾರಣಪಥಗಳಿಗೆ ಗುಡ್ಡವನ್ನು ಹೊಸದಾಗಿ ಕಡಿಯಬೇಕಾದ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.